ಅಣ್ಣನೆದುರು ಗೆದ್ದ ವಾದ

ವೈನಿ, ನಿಮಗೆ ಮಗುವಾಗದಿರಲು ಕಾರಣ ನೀವಲ್ಲ — ಬಹುಶಃ ಅಣ್ಣ ನಾಲ್ಕು ವರ್ಷಗಳಿಂದ ಚುಚ್ಚಿಕೊಳ್ಳುತ್ತಿರುವ ಹಾರ್ಮೋನ್ ಇಂಜೆಕ್ಷನ್. ಹೀಗಾಗಬಹುದೆಂದು ಅಣ್ಣನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೊದಲ ದಿನದಿಂದಲೂ.

‘ಬಹುಶಃ’ ಎಂದು ಬರೆದದ್ದು ನುಣುಚಿಕೊಳ್ಳಲು ಅಲ್ಲ. ಅಣ್ಣನ ಪರೀಕ್ಷೆಯೇ ಆಗಿಲ್ಲ, ಆಗದೆ ಖಚಿತವಾಗಿ ಹೇಳುವುದು ಸುಳ್ಳಾಗುತ್ತದೆ. ಆದರೆ ಆ ಪರೀಕ್ಷೆ ಇಷ್ಟು ದಿನ ಯಾಕೆ ಆಗಲಿಲ್ಲ — ಅದರಲ್ಲೂ ನನ್ನ ಪಾಲಿದೆ.

ಆಗ ನಿಮ್ಮ ಮದುವೆಯಾಗಿ ಆರು ತಿಂಗಳು. ನಾನು ಡೊಂಬಿವಲಿಯ ಕಾಲೇಜಿನಲ್ಲಿ ಕೊನೆಯ ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಕಪ್ ಮೇಲೆ ಕಪ್ ಗೆದ್ದು ಸೊಕ್ಕು ತಲೆಗೇರಿತ್ತು. ಅಣ್ಣ ಘಣಸೋಲಿಯ ಜಿಮ್‌ನಲ್ಲಿ ಟ್ರೇನರ್. ಮಧ್ಯಾಹ್ನ ಜಿಮ್ ಮುಚ್ಚಿರುವ ಹೊತ್ತಿಗೆ ನೀವು ಕಟ್ಟಿಕೊಟ್ಟ ಡಬ್ಬಿಯನ್ನು ಒಯ್ಯುತ್ತಿದ್ದವನು ನಾನೇ. ಒಂದು ದಿನ ಹೋದಾಗ ಅವನು ಡಬ್ಬಿ ಮುಟ್ಟದೆ ಬೆಂಚಿನ ಮೇಲೆ ಕೂತಿದ್ದ. ಹೊಸ ಟ್ರೇನರ್ ಒಬ್ಬ ಸೇರಿದ್ದ. ಅಣ್ಣನ ಗಿರಾಕಿಗಳು ಒಬ್ಬೊಬ್ಬರಾಗಿ ಅವನ ಕಡೆ ಸರಿಯುತ್ತಿದ್ದರು.

“ಈ ಕ್ಲೈಂಟ್ ಮಂದಿ ಮೊದಲ ತೋಳು ನೋಡ್ತಾರೋ, ಮಾತು ಆಮ್ಯಾಲ ಕೇಳ್ತಾರ,” ಅಂದ.

ಅಲ್ಲಿ ಯಾರೋ ಬಾಟಲಿ ತಂದುಕೊಡುತ್ತೇನೆ ಎಂದಿದ್ದರಂತೆ. ಟೆಸ್ಟೋಸ್ಟೆರೋನ್ — ಮೈ ಬೆಳೆಸಲು ಚುಚ್ಚಿಕೊಳ್ಳುವ ಗಂಡು ಹಾರ್ಮೋನ್. ತೆಗೆದುಕೊಳ್ಳಲೋ ಬೇಡವೋ ಎಂದು ವಾರದಿಂದ ತೂಗುತ್ತಿದ್ದ. ಆಮೇಲೆ ನಗುತ್ತ ಅಂದ — “ನೀ ದೊಡ್ಡ ವಕೀಲ ಇದ್ದಂಗ ಮಾತಾಡ್ತಿ. ಇದರ ಮ್ಯಾಲ ಡಿಬೇಟ್ ಮಾಡೋಣ. ನಾ ಬ್ಯಾಡ ಅಂತೀನಿ, ನೀ ಬೇಕು ಅನ್ನು. ನೀ ಸೋತ್ರ ಇವತ್ತೇ ಆ ಮಗನಿಗಿ ಫೋನ್ ಹಚ್ಚಿ ನಹೀ ಚಾಹಿಯೇ ಅಂತ ಹೇಳ್ತೀನಿ.”

ಈಗ ಅನ್ನಿಸುತ್ತದೆ — ನಾನು ಸೋಲಲಿ ಎಂದೇ ಅವನು ಕರೆದದ್ದು. ಅವನಿಗೆ ಹೆದರಿಕೆಯಾಗಿತ್ತು. ‘ಬೇಡ’ ಎಂಬ ಪಕ್ಷವನ್ನು ತಾನೇ ಹಿಡಿದದ್ದನ್ನು ನೋಡಿಯಾದರೂ ನನಗೆ ಅದು ಹೊಳೆಯಬೇಕಿತ್ತು. ನಾನು ಎರಡು ದಿನ ಸಮಯ ಕೇಳಿದೆ, ಸ್ಪರ್ಧೆಗೆ ಓದುವಂತೆ ಓದಿದೆ. ಹಾಳೆಯ ನಡುವೆ ಗೆರೆ ಎಳೆದು ಎರಡೂ ಪಕ್ಷ ಬರೆದೆ. ‘ಬೇಡ’ ಎನ್ನುವ ಕಡೆ ಬರೆದಿದ್ದ ಒಂದು ಅಂಶಕ್ಕೆ ಸುತ್ತು ಹಾಕಿದೆ: ಹೊರಗಿನಿಂದ ಈ ಹಾರ್ಮೋನ್ ಕೊಟ್ಟರೆ ದೇಹ ವೀರ್ಯಾಣು ಮಾಡುವುದನ್ನು ಕಡಿಮೆ ಮಾಡುತ್ತದೆ, ನಿಲ್ಲಿಸಲೂಬಹುದು.

ಸುತ್ತು ಹಾಕುವುದು ನಮ್ಮ ತಂಡದ ಪದ್ಧತಿ. ಎದುರಾಳಿಯ ಅತ್ಯಂತ ಬಲವಾದ ಅಂಶಕ್ಕೆ ಸುತ್ತು. ಅವರಾಗಿ ಎತ್ತಿದರೆ ಉತ್ತರ ಸಿದ್ಧವಿರಬೇಕು, ಎತ್ತದಿದ್ದರೆ ನಾವು ಅದರ ಸುದ್ದಿಗೆ ಹೋಗಬಾರದು. ಸ್ಪರ್ಧೆಯಲ್ಲಿ ಅದು ಸರಿಯೇ, ಎದುರಿಗೆ ಓದಿಕೊಂಡು ಬಂದ ಇನ್ನೊಂದು ತಂಡ ಇರುತ್ತದೆ. ಇಲ್ಲಿ ಎದುರಿಗಿದ್ದವನು ಏಳನೆಯ ತರಗತಿಗೆ ಶಾಲೆ ಬಿಟ್ಟು, ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು ನನ್ನನ್ನು ಓದಿಸಿದ ಅಣ್ಣ.

ಅವನು ಲಿವರ್ ಅಂದ, ಹಾರ್ಟ್ ಅಂದ. ಒಂದೊಂದನ್ನೂ ಕತ್ತರಿಸಿದೆ. ಇದೇ ಹಾರ್ಮೋನನ್ನು ಡಾಕ್ಟರೇ ಚಿಕಿತ್ಸೆಯೆಂದು ಕೊಡುತ್ತಾರೆ, ವಿಷವಾಗಿದ್ದರೆ ಕೊಡುತ್ತಿದ್ದರೇ ಎಂದು ಕೇಳಿದೆ. ಆಗ ಅಣ್ಣ — ಇದನ್ನು ನಾನು ಮರೆಯಲಾರೆ — ಸರಿಯಾದ ಮಾತನ್ನೇ ಆಡಿದ.

“ಡಾಕ್ಟರ್ ಕೊಡೋದು ಮೈಯಾಗ ಕಡಿಮಿ ಇದ್ದವ್ರಿಗಿ ಅಲ್ಲೇನೋ?”

“ನಿನಗ ಕಡಿಮಿ ಇಲ್ಲ ಅನ್ನಾಕ ಪ್ರೂಫ್ ಏನದ?”

ಅಣ್ಣ “ಹೌದಲ್ಲೋ ಮಗನಾ,” ಅಂದು ನಕ್ಕುಬಿಟ್ಟ. ನಾನು ಗೆದ್ದೆ. ರಕ್ತ ಪರೀಕ್ಷೆ ಮಾಡಿಸಿದ್ದರೆ ಆ ಪುರಾವೆ ಸಿಗುತ್ತಿತ್ತು. ಕೊರತೆ ಇದ್ದವರಿಗೆ ಅಳೆದು, ಮತ್ತೆ ಮತ್ತೆ ತಪಾಸಣೆ ಮಾಡುತ್ತ ಕೊಡುವ ಔಷಧಿಯೇ ಬೇರೆ, ಯಾರದೋ ಚೀಲದಿಂದ ಬರುವ ಬಾಟಲಿಯೇ ಬೇರೆ — ಇದೆಲ್ಲ ನನ್ನ ಹಾಳೆಯಲ್ಲೇ ಇತ್ತು. ಹೇಳಲಿಲ್ಲ. ಸುತ್ತು ಹಾಕಿದ್ದನ್ನಂತೂ... ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಅಣ್ಣನ ಮೈ ಬೆಳೆಯಿತು, ಗಿರಾಕಿಗಳು ಮರಳಿದರು. ನನಗೆ ಬೇಲಾಪುರದ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷ ಕಳೆದ ಮೇಲೆ ಅವ್ವ ಶುರುಮಾಡಿದಳು. ಪಕ್ಕದ ಮನೆಯವರ ಮುಂದೆ, ನೀವು ರೊಟ್ಟಿ ಬಡಿಯುತ್ತಿರುವಾಗಲೇ — “ನನ ಮಗನ್ನ ನೋಡ್ರೆವ್ವಾ, ಗೂಳಿ ಇದ್ದಂಗ ಅದಾನ. ಇಂಥ ಮೈ ಇದ್ದವನಾಗ ಏನ್ ಕಡಿಮಿ ಇದ್ದೀತು?” ಆ ಮೈಯೇ ಸಾಕ್ಷಿಯಾಯಿತು, ನಿಮ್ಮ ವಿರುದ್ಧ. ಆ ಸಾಕ್ಷಿ ಸುಳ್ಳೆಂದು ಗೊತ್ತಿದ್ದ ನಾನು ಅಲ್ಲೇ ತಟ್ಟೆ ಮುಂದಿಟ್ಟುಕೊಂಡು ಊಟ ಮಾಡುತ್ತಿದ್ದೆ.

ಕಲ್ಯಾಣದಲ್ಲಿ ನಿಮ್ಮ ಗರ್ಭಕೋಶಕ್ಕೆ ಬಣ್ಣದ ನೀರು ಬಿಟ್ಟು ಎಕ್ಸ್-ರೇ ತೆಗೆದ ದಿನ ಜೊತೆಗೆ ಬಂದವನು ನಾನು. ಮರಳುವಾಗ ಠಾಣೆಯಲ್ಲಿ ಗಾಡಿ ಬದಲಿಸಬೇಕಿತ್ತು. ನಿಮಗೆ ಮೆಟ್ಟಿಲು ಹತ್ತಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿರಿ. ಎರಡು ಗಾಡಿ ಬಿಟ್ಟೆವು. ಆಗ ನೀವು ಅಂದಿರಿ:

“ಸಂತೋಷಾ, ಹೋದಾಗೊಮ್ಮಿ ಡಾಕ್ಟರ್ ಗಂಡನ ರಿಪೋರ್ಟ್ ಎಲ್ಲದ ಅಂತಾರ. ನಾ ಬಾಯಿ ಬಿಟ್ರ ಗಂಡನ ಮ್ಯಾಲ ಸಂಶಯ ಅಂತೇಳಿ ಅತ್ತಿ ಮನಿ ತಲಿಮ್ಯಾಲ ತಗೋತಾರ. ನೀ ಊರಿಗೆಲ್ಲಾ ವಾದ ಮಾಡ್ತಿ, ನನ್ನ ಸಲುವಾಗಿ ಒಂದ್ ಮಾತಾಡೋ.”

“ನೋಡೋಣ ವೈನಿ,” ಅಂದೆ.

ಅಷ್ಟೇ. ದೇವರು, ಜಾತಕ, ಹರಕೆ — ಮನೆಯಲ್ಲಿ ಯಾವುದನ್ನೂ ಪುರಾವೆ ಕೇಳದೆ ಬಿಡದ ನಾನು, ಅಣ್ಣನ ಒಂದು ರಿಪೋರ್ಟ್ ಕೇಳಲಿಲ್ಲ. ಕೇಳಿದರೆ ಇಂಜೆಕ್ಷನ್ ಹೊರಬೀಳುತ್ತಿತ್ತು, ಅದರ ಹಿಂದೆ ನಾನು. ನಿಮ್ಮ ನೋವಿಗಿಂತ ನಾನು ಜಾಣನೆಂಬ ಹೆಸರು ನನಗೆ ದೊಡ್ಡದಾಗಿತ್ತು. ಇದಕ್ಕಿಂತ ಮರ್ಯಾದೆಯ ಕಾರಣ ಇದ್ದಿದ್ದರೆ ಅದನ್ನೇ ಬರೆಯುತ್ತಿದ್ದೆ, ಹುಡುಕಿದೆ, ಸಿಗಲಿಲ್ಲ.

ಕಳೆದ ಭಾನುವಾರ ಅವ್ವ ಬೇರೊಂದು ಆಸ್ಪತ್ರೆ ಹುಡುಕಿ ಬಂದು, ಗುರುವಾರ ನಿಮಗೆ ದುರ್ಬೀನಿನ ಆಪರೇಷನ್ ಎಂದಳು. ಹೊಟ್ಟೆಗೆ ತೂತು ಮಾಡಿ ಒಳಗೆ ನೋಡುತ್ತಾರಂತೆ. ಮರುದಿನ ನಾನು ಜಿಮ್‌ಗೆ ಹೋಗಿ ಅಣ್ಣನಿಗೆ ಎಲ್ಲ ಹೇಳಿದೆ.

“ನಿನಗ ಆವಾಗೇ ಗೊತ್ತಿತ್ತೇನು?”

“ಗೊತ್ತಿತ್ತು.”

ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ. ಗೋಡೆಯ ಕನ್ನಡಿಗೆ ಬೆನ್ನು ತಿರುಗಿಸಿ ಕೂತ. ಆಮೇಲೆ ಮೆಲ್ಲಗೆ — “ಆಕಿಗಿ ಹೇಳಬ್ಯಾಡ. ಅವ್ವಗ ಗೊತ್ತಾದ್ರ ನಾ ಗಂಡಸ ಅಂತ ಹ್ಯಾಂಗ ತಿರಗಾಡ್ಲಿ? ಗುರುವಾರದ್ದು ಆಗಿಹೋಗಲಿ. ನಾ ನಂತರ ಬಿಡ್ತೀನಿ.”

ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಅಧಿಕಾರ ನನಗಿಲ್ಲ. ಆದರೆ ಅವನ ಮಾನ ಉಳಿಸಲು ನಿಮ್ಮ ಹೊಟ್ಟೆಗೆ ತೂತು ಬೀಳುವುದನ್ನು ನೋಡಿಕೊಂಡು ಇರಲಾರೆ. ಅದಕ್ಕೇ ಈ ಕಾಗದ.

ನಾನು ಓದಿದ್ದರ ಪ್ರಕಾರ, ನಿಲ್ಲಿಸಿದ ಮೇಲೆ ಹಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಎಲ್ಲರಿಗೂ ಅಲ್ಲ. ನಿಲ್ಲಿಸುವುದೂ ಡಾಕ್ಟರರನ್ನು ಕೇಳಿಯೇ ಆಗಬೇಕು. ಅಣ್ಣನಿಗೆ ಸರಿಹೋಗುತ್ತದೆ ಎಂದು ನಿಮಗೆ ಮಾತು ಕೊಡಲಾರೆ — ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಿ, ಗೊತ್ತಿದ್ದದ್ದನ್ನು ನುಂಗಿ, ನಿಮ್ಮ ನಾಲ್ಕು ವರ್ಷ ತಿಂದವನು ನಾನು. ಕ್ಷಮೆಯನ್ನೂ ಕೇಳುತ್ತಿಲ್ಲ. ಕೇಳಿದರೆ ಕೊಡುವ ಭಾರವೂ ನಿಮ್ಮ ತಲೆಗೇ ಬರುತ್ತದೆ.

ಇಂದು ಸಂಜೆ ಮನೆಗೆ ಬಂದು ಅವ್ವನ ಮುಂದೆ ಇದನ್ನೆಲ್ಲ ನಾನೇ ಹೇಳುತ್ತೇನೆ. ಅಣ್ಣ ಇದ್ದರೂ, ಎದ್ದುಹೋದರೂ. ನೀವು ಆಗ ಒಳಗಿರಬೇಕೋ ಹೊರಗಿರಬೇಕೋ, ಈ ಮನೆಯಲ್ಲೇ ಇರಬೇಕೋ — ಅದನ್ನು ಯಾರೂ ನಿಮಗೆ ಹೇಳುವಂತಿಲ್ಲ, ನಾನಂತೂ ಹೇಳುವಂತೆಯೇ ಇಲ್ಲ. ಒಂದನ್ನು ಮಾತ್ರ ಹೇಳುತ್ತೇನೆ.

ಗುರುವಾರ ಹೋಗಬೇಡಿ, ವೈನಿ.