ಹನ್ನೊಂದನೆಯ ಹಾಜರಿ

ಸೋಮವಾರ, ಬೆಳಗಿನ ಐದೂಮುಕ್ಕಾಲು. ಬೂದಿಗೆರೆ ದಾಟಿ ಮೂರು ಕಿಲೋಮೀಟರು ಬಂದ ಮೇಲೆ ಪ್ರಮೋದಾ ಸ್ಕೂಟರ್ ಆರಿಸಿ, ಉಳಿದ ದಾರಿಯನ್ನು ತಳ್ಳಿಕೊಂಡೇ ಹೋಗುತ್ತಾರೆ. ಸದ್ದಾಗಬಾರದು. ದಾರಿಯ ಎರಡೂ ಬದಿಗೆ ಮನೆಗಳಿಲ್ಲ, ಮನೆಗಳಿದ್ದ ಜಾಗಗಳಿವೆ. ಎಲ್ಲೋ ಎರಡು ಕಲ್ಲಿನ ಮೆಟ್ಟಿಲು, ಹತ್ತಿದರೆ ಬಾಗಿಲಿಲ್ಲ. ಎಲ್ಲೋ ಒಂದು ತುಳಸಿಕಟ್ಟೆ, ಹಿಂದೆ ಗೋಡೆಯಿಲ್ಲ. ಮಂಜು ಮೊಣಕಾಲಿನ ಮಟ್ಟಕ್ಕೆ ಕೂತಿದೆ. ಊರಿನ ಹೆಸರು ಕೆಂಚಿಗೊಂಡನಹಳ್ಳಿ. ಬಡಾವಣೆಗೆ ಜಮೀನು ಹೋಗಿ ಒಕ್ಕಲುಗಳೆಲ್ಲ ಎದ್ದು ಆರು ವರ್ಷವಾಯಿತು. ನಿಂತಿರುವುದು ಹೆಂಚಿನ ಭಜನೆ ಮನೆ ಒಂದೇ.

ಬೇವಿನ ಮರದ ಕೆಳಗೆ ನಿಂತು ಅವರು ನೋಟ್‌ಬುಕ್ ತೆಗೆಯುತ್ತಾರೆ. ಒಳಗೆ ಯಾರೋ ಹಾಜರಿ ಕೂಗುತ್ತಿದ್ದಾರೆ. ಒಂದೊಂದು ಹೆಸರಿಗೂ ಒಂದೊಂದು ದನಿ “ಇವ್ನಿ”, ಇದ್ದೇನೆ, ಎನ್ನುತ್ತದೆ. ಗಂಡು ದನಿ, ಹೆಣ್ಣು ದನಿ, ನಡುವೆ ಕೆಮ್ಮು ತುಂಬಿದ ದನಿ. ಪ್ರಮೋದಾ ಗೀಟು ಹಾಕುತ್ತಾ ಹೋಗುತ್ತಾರೆ. ಹನ್ನೊಂದು ಗೀಟು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಚಾಪೆಯ ಮೇಲೆ ಇರುವವರು ನಾಲ್ವರು.

“ಬನ್ನಿ ತಾಯಿ, ಕೂತ್ಕಳಿ” ಎನ್ನುತ್ತಾರೆ ಹಾರ್ಮೋನಿಯಂ ಹಿಂದಿರುವ ಮುನಿರಾಮಯ್ಯ. ಏನೂ ವಿಶೇಷವಿಲ್ಲ ಎನ್ನುವಂತೆ ಭಜನೆ ಶುರುವಾಗುತ್ತದೆ.

ಐವತ್ತಾರರ ಪ್ರಮೋದಾ ಸಮಾಜಶಾಸ್ತ್ರ ಓದಿದವರು, ಸರ್ಕಾರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳ ನಾಟಕ ಸಂಘ, ಭಜನೆ ಮಂಡಳಿ, ಮಹಿಳಾ ಸಮಾಜ, ಯುವಕ ಸಂಘಗಳ ಬೆನ್ನು ಹತ್ತಿ ಇಪ್ಪತ್ತೊಂದು ವರ್ಷವಾಗಿದೆ. ಇದುವರೆಗೆ ನೋಡಿರುವುದು ನಾನೂರ ಹನ್ನೆರಡು ಸಂಘ, ತುಂಬಿರುವುದು ಮೂವತ್ತೇಳು ನೋಟ್‌ಬುಕ್. ಮಾರ್ಗದರ್ಶಕರು ನಿವೃತ್ತರಾದರು, ಪಿಎಚ್‌.ಡಿ. ನೋಂದಣಿ ರದ್ದಾಯಿತು, ಇವರು ಮಾತ್ರ ನಿಲ್ಲಿಸಲಿಲ್ಲ. ರಜೆಯ ದಿನ ಮೂರು ಊರು, ಕಾಲೇಜಿದ್ದರೆ ಒಂದು. ಊರಿನವರ ಬಾಯಲ್ಲಿ ‘ಸಂಘದ ಮೇಡಂ’.

“ರಸ್ತೆ ಎಣಿಸ್ತಾರೆ, ಬೋರ್‌ವೆಲ್ ಎಣಿಸ್ತಾರೆ. ಯಾರೂ ಕರೀದೆ, ಯಾರೂ ಕೊಡದೆ, ನಾಲ್ಕು ಜನ ಸೇರಿ ಯಾಕೆ ಹಾಡ್ತಾರೆ ಅಂತ ಯಾರೂ ಎಣಿಸಲ್ಲ. ಅದನ್ನ ನಾನು ಎಣಿಸ್ತೀನಿ, ಅಷ್ಟೇ” ಎನ್ನುತ್ತಾರೆ.

ಒಂದು ಸಲ ಆ ಎಣಿಕೆ ತಪ್ಪಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಹನ್ನೊಂದು ವರ್ಷದ ಹಿಂದೆ, ಊರು ಇನ್ನೂ ಊರಾಗಿದ್ದಾಗ, ಮಧ್ಯಾಹ್ನ ಒಂದರ ಹೊತ್ತಿಗೆ ಇಲ್ಲಿಗೆ ಬಂದಿದ್ದರು. ಭಜನೆ ಮನೆಗೆ ಬೀಗ. ದಾರಿಹೋಕರೊಬ್ಬರು “ಅದೆಲ್ಲಾ ನಿಂತೋಯ್ತು ಬುಡಿ” ಎಂದರು. ‘ನಿಂತುಹೋಗಿದೆ’ ಎಂದು ಬರೆದುಕೊಂಡು ಮುಂದಿನ ಊರಿಗೆ ಹೊರಟರು. ಇದ್ದದ್ದು ಏಳು ನಿಮಿಷ. ವರದಿ ನೂರು ಪ್ರತಿ ಅಚ್ಚಾಯಿತು, ಓದಿದವರು ಯಾರೂ ಇಲ್ಲವೆಂದೇ ತಿಳಿದಿದ್ದರು. ಒಬ್ಬರು ಓದಿದ್ದರು. ಮೂರು ವರ್ಷದ ಹಿಂದೆ ಬಡಾವಣೆಯವರು, ಈ ಕಟ್ಟಡ ಬಳಕೆಯಲ್ಲಿಲ್ಲ, ಕೆಡವಲು ಅನುಮತಿ ಕೊಡಿ ಎಂದು ಹಾಕಿದ ಅರ್ಜಿಗೆ ಅದೇ ಪುಟವನ್ನು ಲಗತ್ತಿಸಿದ್ದರು.

ಆ ಪುಟದ ಜೆರಾಕ್ಸ್ ಹಿಡಿದು ಮಂಡಳಿಯ ಗಂಗಲಕ್ಷ್ಮಮ್ಮ ಕಾಲೇಜಿನ ಸ್ಟಾಫ್ ರೂಮಿಗೇ ಬಂದರು.

“ನಾವು ಸತ್ತೋದ್ವಿ ಅಂತ ಬರ್ದಿರೋರು ನೀವೇನಾ?”

ಪ್ರಮೋದಾ ಜೆರಾಕ್ಸ್ ಇಸಿದುಕೊಂಡು ತಮ್ಮದೇ ಸಾಲನ್ನು ಓದಿದರು.

“ಸೋಮವಾರ ಬನ್ನಿ. ಹೊತ್ತು ಹುಟ್ಟೋಕೆ ಮುಂಚೆ ಬನ್ನಿ. ಬಂದು ಕೇಳಿ.”

ಹೋದರು. ಇದೇ ಬೇವಿನ ಮರದ ಕೆಳಗೆ ನಿಂತು ಮೊದಲ ಸಲ ಆ ಹಾಜರಿ ಕೇಳಿದರು. ಹನ್ನೊಂದು ದನಿ, ನಾಲ್ಕು ಜನ. ಕಾರಣ ಕೇಳಿದಾಗ ಮುನಿರಾಮಯ್ಯ ಬಿಡಿಸಿ ಹೇಳಿದರು. ಮಂಡಳಿಯಲ್ಲಿ ಹೆಸರು ಹೊಡೆದುಹಾಕುವ ಪದ್ಧತಿಯಿಲ್ಲ. ಸಾಯುವವರು ಉಳಿದವರಲ್ಲಿ ಒಬ್ಬರನ್ನು ಕರೆದು ತಮ್ಮ ದನಿ ಕೊಟ್ಟು ಹೋಗುತ್ತಾರೆ. ಅಂದಿನಿಂದ ಆ ಹೆಸರು ಬಂದಾಗ, ದನಿ ಪಡೆದವರು ಅದೇ ದನಿಯಲ್ಲಿ ಓಗೊಡಬೇಕು, ಭಜನೆಯ ಪದದಲ್ಲಿ ಸತ್ತವರ ಪಾಲನ್ನೂ ಹಾಡಬೇಕು. ತೀರಿಕೊಂಡ ಪಾಪಕ್ಕನ ಸಣ್ಣ ದನಿ ಮುನಿರಾಮಯ್ಯನವರ ಪಾಲಿಗೆ ಬಂದಿದೆ. ಎಪ್ಪತ್ತಾರರ ಮುದುಕರ ಗಂಟಲಿಂದ ಆ ಹೆಣ್ಣುದನಿ ಹೊರಟಾಗ ಪ್ರಮೋದಾ ಬೆಚ್ಚಿ ಅವರ ಮುಖ ನೋಡಿದರು.

ಆದರೆ ಎಣಿಸುವುದು ಅವರ ಕಸುಬು. ಇರುವವರು ನಾಲ್ವರು. ಅವರು ಹೊತ್ತಿರುವ ದನಿ ಆರು. ಕೂಡಿದರೆ ಹತ್ತು.

“ಅಣ್ಣ, ದೊಡ್ಡಬೀರಪ್ಪ ಅಂತ ಕೂಗಿದ್ರಲ್ಲ, ಅದಕ್ಕೆ ಓಗೊಟ್ಟಿದ್ದು ಯಾರು?”

ಹಾಜರಿ ಕೂಗುವ ಅಪ್ಪಯ್ಯಣ್ಣ ತಾಳ ಒರೆಸುತ್ತಾ ಹೇಳಿದರು: “ಅವ್ನು ದನಿ ಯಾರ್ಗೂ ಕೊಟ್ಟು ಹೋಗ್ಲಿಲ್ಲ ಕಣಮ್ಮ. ದಾಬಸ್‌ಪೇಟೆ ಕಡೆ ಗೋಡೌನ್ ಕಾಯೋಕೆ ಹೋದ, ಅಲ್ಲೇ ಒಬ್ನೇ ಹೋಗ್ಬಿಟ್ಟ. ಅವನ್ದು ನಾವ್ಯಾರೂ ಹೇಳಲ್ಲ. ಅವನೇ ಹೇಳ್ಕತಾನೆ.”

ಮುಂದಿನ ಸೋಮವಾರ ಪ್ರಮೋದಾ ಒಳಗೇ ಕೂತರು, ನಾಲ್ವರ ತುಟಿಗಳ ಮೇಲೆ ಕಣ್ಣಿಟ್ಟು. ದೊಡ್ಡಬೀರಪ್ಪನ ಹೆಸರು ಬಂತು. ನಾಲ್ಕು ಬಾಯಿಯೂ ಮುಚ್ಚಿದ್ದವು. ಬಲಗಡೆಯ ಕಂಬದ ಬಳಿಯಿಂದ, ಕೆಮ್ಮಿನ ನಡುವೆ, “ಇವ್ನಿ”. ಅಲ್ಲಿ ಯಾರೂ ಇರಲಿಲ್ಲ. ಮರುವಾರ ಕಂಬದ ಪಕ್ಕಕ್ಕೇ ಹೋಗಿ ಕೂತರು. ದನಿ ಕಿವಿಯ ಪಕ್ಕದಲ್ಲೇ ಬಂತು. ರೆಕಾರ್ಡರ್ ಇಟ್ಟರು. ಅದರಲ್ಲಿ ಹತ್ತು ದನಿಗಳಿವೆ, ಹನ್ನೊಂದನೆಯ ಜಾಗದಲ್ಲಿ ಬರೀ ಮೌನ. ಹಾಗೆ ಹದಿನೇಳು ವಾರ ಹೋದರು.

ಅಷ್ಟರಲ್ಲಿ ಅರ್ಜಿಯ ವಿಚಾರಣೆ ಬಂತು. ತಮ್ಮ ಹಳೆಯ ಬರಹ ತಪ್ಪೆಂದು ಪ್ರಮೋದಾ ಲಿಖಿತ ಹೇಳಿಕೆ ಕೊಡಬೇಕಿತ್ತು. ಕರಡು ಓದಿದ ಸಹೋದ್ಯೋಗಿ ಶಿಲ್ಪ ಗಾಬರಿಯಾದರು.

“ಮೇಡಂ, ಆ ಹನ್ನೊಂದನೇದನ್ನ ತೆಗೆದುಬಿಡಿ. ನಗ್ತಾರೆ. ಇಪ್ಪತ್ತು ವರ್ಷದ ಕೆಲಸಾನೆಲ್ಲ ಒಂದೇ ಸಾಲಲ್ಲಿ ಕಳ್ಕೋತೀರಾ. ಆ ಕಟ್ಟಡಾನೂ ಉಳಿಯಲ್ಲ.”

“ಏಳು ನಿಮಿಷ ಇದ್ದು ಒಂದು ಸುಳ್ಳು ಬರೆದೆ ಶಿಲ್ಪ. ಹದಿನೇಳು ವಾರ ಇದ್ದು ಇನ್ನೊಂದು ಬರೆಯಲಾ?”

ಅವರು ಕೊಟ್ಟ ಹೇಳಿಕೆಯಲ್ಲಿ ಈಗಲೂ ಹೀಗಿದೆ: ‘ಕಂಡವರು ನಾಲ್ವರು. ಕೇಳಿದ ದನಿ ಹನ್ನೊಂದು. ಹತ್ತರ ಮೂಲ ತಿಳಿದಿದೆ. ಒಂದರದು ತಿಳಿದಿಲ್ಲ.’

ಕಚೇರಿಯಲ್ಲಿ ಯಾರೋ ನಕ್ಕರಂತೆ. ಆದರೂ ಸ್ಥಳ ಪರಿಶೀಲನೆಗೆ ಸರ್ವೆಯರ್ ಬೈರೇಶ್ ಬಂದರು. ಸೋಮವಾರದ ಮುಂಜಾವು, ಬೇವಿನ ಮರದ ಕೆಳಗೆ ನಿಂತು ಬೆರಳು ಮಡಚಿ ಎಣಿಸಿದರು. ಆಮೇಲೆ ಒಳಗೆ ಹೋದರು, ಕೂತವರನ್ನು ನೋಡಿದರು, ಗೋಡೆಗಳನ್ನು ಸುತ್ತಿ ಬಂದರು. ಕುಡಿಯಲು ನೀರು ಕೇಳಿದರು. ಫಾರಂನಲ್ಲಿ ‘ಮಂಡಳಿ ಚಾಲ್ತಿಯಲ್ಲಿದೆ’ ಎಂದು ಬರೆದು, ಸದಸ್ಯರ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದರು. ಮತ್ತೆ ಆ ಕಡೆ ಬರಲಿಲ್ಲ. ಅನುಮತಿ ಸಿಗಲಿಲ್ಲ. ನೇರವಾಗಿ ಬರುತ್ತಿದ್ದ ಬಡಾವಣೆಯ ಕಾಂಪೌಂಡು ಈಗ ಭಜನೆ ಮನೆಯ ಹತ್ತಿರ ಸೊಟ್ಟಗೆ ತಿರುಗಿ ಮುಂದೆ ಹೋಗಿದೆ.

ಈ ಬೇಸಿಗೆಯಲ್ಲಿ ಮುನಿರಾಮಯ್ಯ ಒಂದು ಮಾತು ಕೇಳಿದರು. “ಹೆಣ್ಣು ದನೀನ ನಾನು ಎಷ್ಟು ದಿನ ಅಂತ ಹೊರ್ಲಿ ತಾಯಿ? ಪಾಪಕ್ಕನ್ನ ನೀವು ಇಸ್ಕಳಿ.” ಅಧ್ಯಯನ ಮಾಡುವವರು ಅಂತರ ಕಾಯ್ದುಕೊಳ್ಳಬೇಕು ಎಂದು ತರಗತಿಯಲ್ಲಿ ಪಾಠ ಹೇಳುವ ಪ್ರಮೋದಾ ಎರಡು ವಾರ ಒದ್ದಾಡಿದರು. ಕೊನೆಗೆ, ಶ್ರಾವಣದ ಮೊದಲ ಸೋಮವಾರದಿಂದ ಆಗಲಿ ಎಂದರು. ಪಾಪಕ್ಕನನ್ನು ಅವರು ಕಂಡವರಲ್ಲ. ಮುನಿರಾಮಯ್ಯನವರ ಗಂಟಲಿಂದ ಕೇಳಿದ್ದನ್ನೇ ಅಡುಗೆಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತಿದ್ದಾರೆ.

ಇವತ್ತು ಭಜನೆ ಮುಗಿದು ಚಾಪೆ ಸುತ್ತುವಾಗ ಗಂಗಲಕ್ಷ್ಮಮ್ಮ ಹತ್ತಿರ ಬರುತ್ತಾರೆ.

“ಹೋದ ವಾರ ನಮ್ ಮಾನ ಉಳಿಸ್ಬಿಟ್ರಿ ಮೇಡಮ್ಮೋರೆ. ಮುನಿರಾಮಯ್ಯಣ್ಣಂಗೆ ಶೀತ ಕಟ್ಕಂಡು ದನೀನೇ ಏಳ್ಲಿಲ್ಲ. ಪಾಪಕ್ಕ ಅಂತ ಕೂಗಿದ್ರೆ ಓಗೊಡೋರಿಲ್ಲ. ಅಷ್ಟರಲ್ಲಿ ನೀವು ಮರದತ್ರದಿಂದ್ಲೇ ಕೂಗಿದ್ರಿ ನೋಡಿ, ನನಗೆ ಮೈ ಜುಂ ಅಂತು. ಥೇಟ್ ಅವಳೇ! ಒಳಕ್ಕೆ ಬರ್ದೆ ಯಾಕೆ ಹೊರಟೋದ್ರಿ?”

ಪ್ರಮೋದಾ ಅವರ ಕೈ ಹಿಡಿದುಕೊಳ್ಳುತ್ತಾರೆ. ಹೋದ ಸೋಮವಾರ ಅವರು ಇಲ್ಲಿಗೆ ಬಂದಿರಲಿಲ್ಲ. ಪರೀಕ್ಷೆ ಕೆಲಸಕ್ಕೆಂದು ನೆಲಮಂಗಲದಲ್ಲಿದ್ದರು.

ಹೊರಗೆ ಬಂದು, ಸ್ಕೂಟರಿನ ಸೀಟಿನ ಮೇಲೆ ನೋಟ್‌ಬುಕ್ ಇಟ್ಟು, ದಿನಾಂಕ ಹಾಕಿ, ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತಾರೆ. ಬರೆದು ಮುಗಿಸಿ ಬೇವಿನ ಮರದತ್ತ ನೋಡುತ್ತಾರೆ.

“ಪುಸ್ತಕ ಆಗ್ಲಿ, ಹೆಸರು ಬರ್ಲಿ ಅಂತ ಒಂದು ಕಾಲದಲ್ಲಿ ಇತ್ತು. ಈಗ ಒಂದೇ ಆಸೆ” ಎನ್ನುತ್ತಾರೆ, ದನಿ ತಗ್ಗಿಸಿ. “ಶ್ರಾವಣಕ್ಕೆ ನಾನು ಓಗೊಟ್ಟಾಗ, ಪಾಪಕ್ಕ ಸುಮ್ನಿರಬೇಕು. ಸುಮ್ನಿದ್ರೆ, ನಾನು ಸರಿಯಾಗಿ ಹೇಳಿದೀನಿ ಅಂತ.”