ಮೂವತ್ತೇ ಜನರ ಮದುವೆ

ಬೆಳಕು ಹರಿಯುವ ಮೊದಲೇ ಅವಳು ಅಂಗಳ ತೊಳೆದಿದ್ದಳು, ಎರಡು ಬಕೆಟ್ ಬಟ್ಟೆ ಒಣಹಾಕಿದ್ದಳು, ಮೂವತ್ತು ಜನಕ್ಕಾಗುವಷ್ಟು ತರಕಾರಿ ಹೆಚ್ಚಿದ್ದಳು. ಮಾವನ ಬಿಸಿನೀರು, ಅತ್ತೆಯ ಮಾತ್ರೆ, ಗಂಡನ ಅಂಗಿಯ ಇಸ್ತ್ರಿ ಮುಗಿಸಿ, ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳನ್ನೆಲ್ಲ ಒರೆಸಿದ್ದಳು. ಎಲ್ಲಾ ಆದ ಮೇಲೆ ತನ್ನ ಕ್ಯಾಮೆರಾದ ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಉಜ್ಜಿದಳು. ಅಷ್ಟೆಲ್ಲದರಲ್ಲಿ ಅದೊಂದೇ ಅವಳ ಸ್ವಂತ ಕೆಲಸ.

ಅವತ್ತು ನಾದಿನಿಯ ಮದುವೆ. ಮನೆಯ ಹಜಾರದಲ್ಲೇ.

ಹನ್ನೊಂದು ವರ್ಷದಿಂದ ಅವಳು ತೆಗೆಯುತ್ತಿರುವುದು ಸಣ್ಣ ಮದುವೆಗಳ ಫೋಟೊ. ದೊಡ್ಡ ಮದುವೆಯಲ್ಲಿ ಜನ ಕ್ಯಾಮೆರಾಕ್ಕೆ ಮುಖ ಕೊಡುತ್ತಾರೆ, ಸಣ್ಣದರಲ್ಲಿ ಮರೆತೇಬಿಡುತ್ತಾರೆ. ಮಗಳ ಕೈ ಹಿಡಿದು ಬಿಡದೆ ನಿಂತ ಅಪ್ಪ, ಹೊಸ ಚಪ್ಪಲಿ ಕಚ್ಚಿ ಒಂಟಿಕಾಲಲ್ಲಿ ನಿಂತ ಮದುಮಗ ಸಿಗುವುದು ಅಲ್ಲೇ. ಬಾಗಿಲ ಸಂದಿಯಲ್ಲಿ, ಸೋಫಾದ ಹಿಂದೆ, ಫ್ಲ್ಯಾಶ್ ಹಾಕದೆ ನಿಂತು ಕಾಯುತ್ತಾಳೆ. ಆ ಚಿತ್ರಗಳನ್ನು ನೋಡಿಯೇ ನಾದಿನಿ ಹಟ ಹಿಡಿದದ್ದು.

"ನಂಗೆ ಹಾಲ್ ಬೇಡ, ಸ್ಟೇಜ್ ಬೇಡ. ಮೂವತ್ತೇ ಜನ ಸಾಕು. ಆದ್ರೆ ಅತ್ತಿಗೆ, ಫೋಟೊ ಮಾತ್ರ ನೀನೇ ತೆಗೀಬೇಕು. ನಾನು ಅಳೋದು ಬೇರೆಯವರ ಕಣ್ಣಿಗೆ ಬೀಳೋದು ಬೇಡ."

ಸಣ್ಣ ಮದುವೆ ಎಂದೊಡನೆ ಮನೆಯವರ ಮುಖ ಅರಳಿತು. ಅಡುಗೆಯವರು ಬೇಡ, ಬಡಿಸುವವರು ಬೇಡ, ಪಾತ್ರೆ ತೊಳೆಯುವವರು ಬೇಡ. "ಮೂವತ್ತು ಜನ ತಾನೇ," ಎಂದರು ಅತ್ತೆ. ಬಂದವರೆಲ್ಲ ಎಷ್ಟು ಸರಳ, ಎಷ್ಟು ಆಪ್ತ ಎಂದು ಕೊಂಡಾಡಿದ ಆ ಮದುವೆ ಒಬ್ಬಳ ಬೆನ್ನ ಮೇಲೆ ನಿಂತಿತ್ತು. ಬೆನ್ನನ್ನು ಯಾರು ನೋಡುತ್ತಾರೆ?

ಹತ್ತು ಗಂಟೆಗೆ ನೋಂದಣಿ ಅಧಿಕಾರಿ ಬಂದು ಪುಸ್ತಕ ಬಿಚ್ಚಿದರು. ಅವಳು ಕಿಟಕಿಯ ಬೆಳಕು ನೋಡಿಕೊಂಡು ಗೋಡೆಗೆ ಒರಗುವಷ್ಟರಲ್ಲಿ ಗಂಡ ಬಂದು ಅವಳ ಕುತ್ತಿಗೆಯಿಂದ ಕ್ಯಾಮೆರಾದ ಪಟ್ಟಿ ತೆಗೆದ.

"ಕೊಡು ಇಲ್ಲಿ. ಒಳಗೆ ಅನ್ನ ನೋಡೋರಿಲ್ಲ."

"ಸಹಿ ಮುಗೀಲಿ ರೀ, ಹತ್ತೇ ನಿಮಿಷ."

"ಬಟನ್ ಒತ್ತೋಕೆ ಡಿಗ್ರಿ ಬೇಕಾ? ಎಲ್ಲಾ ಅದೇ ಮಾಡ್ಕೊಳ್ಳುತ್ತೆ."

"ಅಣ್ಣಾ, ಅತ್ತಿಗೇನೇ ತೆಗೀಲಿ," ಎಂದಳು ನಾದಿನಿ.

"ಮದುಮಗಳು ಸುಮ್ನೆ ಕೂತ್ಕೋಬೇಕು," ಎಂದು ಸೋದರಮಾವ ನಗಾಡಿದ. "ನಿಮ್ಮತ್ತಿಗೆ ಫೋಟೊ ತೆಗೆದ್ರೆ ನಮ್ಮ ಹೊಟ್ಟೆ ತುಂಬುತ್ತೇನಮ್ಮಾ?"

ಎಲ್ಲರೂ ನಕ್ಕರು. ಅವಳು ಒಳಗೆ ಹೋದಳು.

ಮೂರು ಒಲೆ ಉರಿಯುತ್ತಿದ್ದವು. ಕೈ ಒರೆಸಲು ಬಟ್ಟೆ ಹುಡುಕುತ್ತ ಸೊಂಟದ ಚೀಲಕ್ಕೆ ಕೈ ಹಾಕಿದಾಗ ಉಗುರಿಗೆ ತಾಗಿದ್ದು ಮೆಮೊರಿ ಕಾರ್ಡ್. ಹಿಂದೊಮ್ಮೆ ಯಾರದೋ ಮಗು ಗುಂಡಿ ಒತ್ತಿ ಇಡೀ ಮದುವೆಯನ್ನೇ ಅಳಿಸಿದ ಮೇಲೆ, ತೆಗೆಯುವ ಕ್ಷಣದವರೆಗೂ ಕಾರ್ಡನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುವುದು ಅವಳ ಅಭ್ಯಾಸ. ಕಾರ್ಡ್ ಇಲ್ಲದಿದ್ದರೂ ಆ ಕ್ಯಾಮೆರಾ ಕ್ಲಿಕ್ ಎನ್ನುತ್ತದೆ, ಚಿತ್ರ ಮಾತ್ರ ಎಲ್ಲೂ ಉಳಿಯುವುದಿಲ್ಲ. ಪರದೆಯ ಮೇಲೆ ಅದನ್ನು ಬರೆದೂ ತೋರಿಸುತ್ತದೆ. ಓದುವಷ್ಟು ವ್ಯವಧಾನ ಗಂಡನಿಗೆಲ್ಲಿ?

ಹಜಾರದಿಂದ ಅವನ ದನಿ ಬಂತು. "ಎಲ್ರೂ ಈ ಕಡೆ ನೋಡಿ. ಸ್ವಲ್ಪ ನಗಿ." ಕ್ಲಿಕ್. ಕ್ಲಿಕ್.

ಅತ್ತೆ ಬಾಗಿಲಲ್ಲಿ ಇಣುಕಿದರು. "ಅನ್ನ ಕೆಟ್ರೆ ಮಾನ ಹೋಗುತ್ತೆ ನೋಡು. ಅಲ್ಲಾಡ್ಬೇಡ." ಹೇಳಿ ಮತ್ತೆ ಮುಂದಿನ ಕುರ್ಚಿಗೆ ಹೋಗಿ ಕೂತರು.

ಗಂಡನನ್ನು ಕರೆದು ಕಾರ್ಡ್ ಕೊಟ್ಟರೆ ಯಾರಿಗೂ ಏನೂ ತಿಳಿಯದು. ಅವನು ಫೋಟೊ ತೆಗೆಯುತ್ತಾನೆ, ಇವಳು ಅನ್ನ ಬಸಿಯುತ್ತಾಳೆ. ಕೊಡದೆ ಸುಮ್ಮನಿದ್ದರೆ ನಾಳೆ ಖಾಲಿ ಕ್ಯಾಮೆರಾ ಹಿಡಿದು ಅವನು ಪೆಚ್ಚಾಗುವುದನ್ನು ಕಣ್ತುಂಬ ನೋಡಬಹುದು. ಆಸೆಯಾಯಿತು, ಬಹಳವೇ ಆಸೆಯಾಯಿತು. ಆದರೆ ಆಗ ಕಳೆದುಹೋಗುವುದು ನಾದಿನಿಯ ಮುಖ.

ಹೊರಗೆ ಅಧಿಕಾರಿ ಮದುಮಗಳ ಹೆಸರು ಓದುತ್ತಿದ್ದರು. ಇನ್ನೂ ಸಹಿಯಾಗಿರಲಿಲ್ಲ.

ಕಾರ್ಡನ್ನು ಅವನ ಕೈಗೆ ಕೊಡುವುದಿಲ್ಲ, ಕ್ಯಾಮೆರಾವನ್ನೇ ಎಲ್ಲರೆದುರು ಕಿತ್ತುಕೊಳ್ಳುತ್ತೇನೆ ಎಂದುಕೊಂಡು ಅವಳು ಮೂರೂ ಒಲೆ ಆರಿಸಿದಳು. ಅನ್ನ ಅರ್ಧ ಬೆಂದಿತ್ತು.