ಮಕ ತೊಳೆದ ಕಳ್ಳಿ

ಕಿಟಕಿಯ ಕಟ್ಟೆ ಒರೆಸುವಾಗ ಪೆನ್ನುಗಳ ನಡುವಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ಷೊಂದು ಜಾರಿ ಬಿತ್ತು. ಎಳೆಗಳೆಲ್ಲ ಒಂದೇ ಕಡೆಗೆ ಮಲಗಿವೆ. ಬುಡದಲ್ಲಿ ಇನ್ನೂ ಕಾವಿ ಬಣ್ಣ. ಹೊಸದಾಗಿ ಬಂದ ಕೋಣೆಯ ಗೆಳತಿ ಎಸೆಯಲೇ ಎಂದು ಕೇಳಿದಳು. ಬೇಡ ಎಂದೆ, ಕಾರಣ ಹೇಳಲಿಲ್ಲ. ಹೇಳುವ ಅಭ್ಯಾಸ ನನಗೆ ಕಡಿಮೆ. ನಿಮಗಾದರೆ ಹೇಳಬಹುದು, ನೀವು ನನ್ನ ಮುಖ ನೋಡುತ್ತಿಲ್ಲವಲ್ಲ.

ಅದು ಕಬ್ಬಿಣದ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಪಾಪಿನಾಯಕನಹಳ್ಳಿಯಲ್ಲಿ ನೀಲಮ್ಮತ್ತೆಯ ಮನೆಯೆದುರೇ ಅವು ಹಾಯುತ್ತಿದ್ದವು. ಅತ್ತೆ ನಮ್ಮಪ್ಪನ ಅಕ್ಕ. ಆ ಧೂಳಿಗೆ ಅವರ ಮಲ್ಲಿಗೆ ಬಳ್ಳಿ ಸತ್ತಿತು, ತುಳಸಿ ಮುನಿಸಿಕೊಂಡಿತು. ಪಕ್ಕದಲ್ಲಿ ಬಾಡಿಗೆಗಿದ್ದ ಗಣಿ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಮೂವತ್ತು ಕುಂಡ ಕಳ್ಳಿಗಳನ್ನು ಅತ್ತೆಗೆ ಕೊಟ್ಟು ಹೋದರು. ಎಲ್ಲವೂ ದಕ್ಷಿಣ ಅಮೆರಿಕದವು. ಹೆಸರಿನ ಚೀಟಿಗಳು ಬಿಸಿಲಿಗೆ ಬೆಳ್ಳಗಾಗಿದ್ದವು.

ನಾನು ಆಗಷ್ಟೇ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಸಂಶೋಧನೆಗೆ ಸೇರಬೇಕಾದರೆ ಸ್ವಂತ ಕಣ್ಣಿನಿಂದ ಮಾಡಿದ ಒಂದು ವರ್ಗೀಕರಣ ತೋರಿಸಿ ಎಂದಿದ್ದರು ನಮ್ಮ ಪ್ರೊಫೆಸರರು. ಸೀಟು ಒಂದೇ ಇತ್ತು. ಹೊಸಪೇಟೆಯಿಂದ ದಿನವೂ ಬಸ್ಸು ಹತ್ತಿ ಅತ್ತೆಯ ಪಡಸಾಲೆಗೆ ಹೋಗತೊಡಗಿದೆ. ಕೈಯಲ್ಲಿ ಅಳತೆಪಟ್ಟಿ, ಭೂತಗನ್ನಡಿ, ಮುಖದಲ್ಲಿ ಅನಗತ್ಯ ಗಾಂಭೀರ್ಯ.

ಅತ್ತೆ ಅಷ್ಟರಲ್ಲಿ ತಮ್ಮದೇ ವರ್ಗೀಕರಣ ಮುಗಿಸಿದ್ದರು. ಮುಳ್ಳನ್ನು ಮೈಗೆ ಒತ್ತಿಕೊಂಡವು ಒಂದು ಸಾಲು, ಹೊರಕ್ಕೆ ಚಾಚಿದವು ಇನ್ನೊಂದು ಸಾಲು. ಮೊದಲಿನವು ತವರು ಮನೆಯವು, ಎರಡನೆಯವು ಗಂಡನ ಮನೆಯವು. ನಾನು ನಕ್ಕೆ, ಆದರೂ ಮುಳ್ಳಿನ ಆ ಎರಡು ಸಾಲುಗಳನ್ನು ನನ್ನ ಪಟ್ಟಿಗೆ ಇಳಿಸಿಕೊಂಡೆ. ಲೊಬಿವಿಯಾ ಎಂಬ ಕುಲದ ಹೆಸರನ್ನು ಬೊಲಿವಿಯಾ ದೇಶದ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಕಟ್ಟಿದ್ದೆಂದೂ, ಆಮೇಲೆ ಅದರ ಗಿಡಗಳನ್ನು ಎಕಿನಾಪ್ಸಿಸ್ ಕುಲಕ್ಕೆ ಸೇರಿಸಿದರೆಂದೂ ಪಾಠದಂತೆ ಹೇಳಿದೆ. ಅತ್ತೆ ಹಸನು ಮಾಡುತ್ತಿದ್ದ ತೊಗರಿಯಿಂದ ತಲೆ ಎತ್ತಲಿಲ್ಲ.

"ಮದುವ್ಯಾದ ಮ್ಯಾಲೆ ಮನಿತನದ ಹೆಸರು ಬದಲಾತು ಅನ್ನು. ಅದಕ್ಯಾಕ ಇಷ್ಟು ದಪ್ಪ ಪುಸ್ತಕ?"

ಜಿಮ್ನೊಕ್ಯಾಲಿಸಿಯಂ ಎಂಬ ಇನ್ನೊಂದು ಕುಲದ ಹೆಸರಿಗೆ ಅರ್ಥವೇನೆಂದು ಅವರು ಕೇಳಿದ ದಿನ ನನಗೆ ಫಜೀತಿಯಾಯಿತು. ಇದರ ಮೊಗ್ಗಿಗೆ ಕೂದಲೂ ಇಲ್ಲ, ಮುಳ್ಳೂ ಇಲ್ಲ. ಬತ್ತಲೆ ಮೊಗ್ಗು ಎಂದು ಅರ್ಥ ಎಂದು ಗೋಡೆಗೆ ಹೇಳಿದಂತೆ ಹೇಳಿದೆ. ಆ ಸಂಜೆಯೊಳಗೆ ಓಣಿಯ ಹೆಂಗಸರಿಗೆಲ್ಲ ಅದು ಗೊತ್ತಾಗಿ, ನನ್ನನ್ನು ಬಸ್‌ಸ್ಟ್ಯಾಂಡಿನವರೆಗೂ ಮುಗುಳ್ನಗೆಗಳು ಕಳಿಸಿಕೊಟ್ಟವು.

ಆ ಕುಲದ್ದೇ ಎರಡು ಕುಂಡಗಳಿದ್ದವು. ಒಂದು ಗೋಡೆಯ ಮರೆಯಲ್ಲಿ, ಹಸಿರು. ಇನ್ನೊಂದು ರಸ್ತೆಯ ಕಡೆ, ತಗಡಿನ ಚಪ್ಪರದ ಕೆಳಗೆ, ಅದು ಇಟ್ಟಿಗೆಗೆಂಪು. ಏಣು, ಮುಳ್ಳು, ಹೂವು ಎಲ್ಲ ಒಂದೇ. ಮೈಬಣ್ಣ ಮಾತ್ರ ಬೇರೆ. ಯಾವ ಪುಸ್ತಕದಲ್ಲೂ ಅಂಥದು ಸಿಗಲಿಲ್ಲ. ಪಟ್ಟಿಯಲ್ಲಿ ಅದಕ್ಕೆ ಬೇರೆ ಸಾಲು ಕೊಟ್ಟು, "ಕೆಂಪು ಮೈ, ಬಹುಶಃ ದಾಖಲಾಗದ ಪ್ರಭೇದ" ಎಂದು ಬರೆದೆ. ನನ್ನ ಹೆಸರನ್ನೂ ಲ್ಯಾಟಿನ್ನಿಗೆ ತಿರುಗಿಸಿ ನೋಡಿಕೊಂಡೆ ಎಂಬುದನ್ನು ಇಲ್ಲಿಗೇ ಬಿಡೋಣ.

ಪಟ್ಟಿ ಕಳಿಸುವ ಹಿಂದಿನ ದಿನ ಫೋಟೋ ತೆಗೆಯಲು ಕ್ಯಾಮೆರಾ ಎರವಲು ತಂದೆ. ಹೋಗುವಷ್ಟರಲ್ಲಿ ಅತ್ತೆ ಆ ಕೆಂಪು ಗಿಡವನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಪಕ್ಕದ ಬೋಗುಣಿಯಲ್ಲಿ ನೀರು ಕೆಮ್ಮಣ್ಣಾಗಿತ್ತು.

"ಫೋಟೋಕ್ಕ ಕುಂದ್ರೋರು ಮಕ ತೊಳ್ಕಬಾರ್ದೇನು? ನೋಡ್ ಬಾ, ಎಂಥ ಹಸರು ಐತಿ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಮೈಮೇಲೆ ನೀರು ಬಿದ್ದರೆ ಕೊಳೆಯುತ್ತವೆ, ಬುಡಕ್ಕಷ್ಟೇ ಹನಿಸಿ ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿದವಳು ನಾನೇ. ನನ್ನ ಹೊಸ ಪ್ರಭೇದವನ್ನು ಲಾರಿಗಳು ಸೃಷ್ಟಿಸಿದ್ದವು, ನಾನು ಕಾಪಾಡಿದ್ದೆ. ಆ ಊರಿನ ಬಟ್ಟೆ, ಎಮ್ಮೆ, ಗೋಡೆ ಎಲ್ಲ ಕೆಂಪಗಿರುವುದನ್ನು ದಿನವೂ ನೋಡುತ್ತಿದ್ದವಳಿಗೆ ಕಳ್ಳಿಯೊಂದು ಹುಟ್ಟಾ ಕೆಂಪಗೆ ಕಂಡಿತ್ತು.

ಅತ್ತೆ ನನ್ನ ಮುಖ ನೋಡಿ ಉಜ್ಜುವುದನ್ನು ನಿಲ್ಲಿಸಿದರು. "ನಾ ಏನರ ಕೆಡಿಸಿದ್ನೇನವ್ವಾ?" ಎಂದು ಮೆತ್ತಗೆ ಕೇಳಿದರು. ಇಲ್ಲ ಎಂದೆ.

ಆ ಸಾಲನ್ನು ಸದ್ದಿಲ್ಲದೆ ಅಳಿಸಬಹುದಿತ್ತು. ಯಾಕೋ ಅಳಿಸಲಿಲ್ಲ. ಅಡ್ಡಗೆರೆ ಎಳೆದು, ಮುಂದೆ "ಧೂಳು, ತೊಳೆದಾಗ ಹೋಯಿತು" ಎಂದು ಬರೆದು ಅಂಚೆಗೆ ಹಾಕಿದೆ. ಸೀಟಿನ ಆಸೆಯನ್ನೂ ಅದರ ಜೊತೆಗೇ ಹಾಕಿದೆನೆಂದುಕೊಂಡೆ.

ಪ್ರೊಫೆಸರರ ಉತ್ತರ ಒಂದು ಕಾರ್ಡಿನಲ್ಲಿ ಬಂತು: "ಒತ್ತಿದ ಮುಳ್ಳು, ಚಾಚಿದ ಮುಳ್ಳು ಎಂಬ ವಿಂಗಡಣೆ ಚೆನ್ನಾಗಿದೆ. ಉಳಿದವನ್ನೂ ತೊಳೆದು ನೋಡಿ. ಆಮೇಲೆ ಬಂದು ಸೇರಿಕೊಳ್ಳಿ."

ಓದಿ ಹೇಳಿದಾಗ ಅತ್ತೆ ಹಿಗ್ಗಲಿಲ್ಲ. ನನ್ನ ಕೈಗೊಂದು ಬ್ರಷ್ ಕೊಟ್ಟು, "ನೀ ತವರುಮನಿ ತೊಳಿ, ಗಂಡನ ಮನ್ಯಾರನ್ನ ನಾ ನೋಡ್ಕಂತೀನಿ" ಎಂದರು.

ಈ ಬ್ರಷ್ ಅದೇ. ಮಧ್ಯಾಹ್ನ ಗೆಳತಿಗೆ ಇಷ್ಟನ್ನೂ ಹೇಳಿಬಿಟ್ಟೆ, ನನಗೇ ಆಶ್ಚರ್ಯ. ಅವಳು ಕಿಟಕಿಯಲ್ಲಿದ್ದ ನನ್ನ ಒಂದೇ ಕುಂಡವನ್ನು ಎತ್ತಿ ಮುಳ್ಳನ್ನು ಹತ್ತಿರದಿಂದ ನೋಡಿ, "ಇದು ತವರುಮನೆಯದು ಅಲ್ವಾ?" ಎಂದಳು. ಹೌದು. ನಾನು ನೀರು ತರಲು ಎದ್ದೆ.